ಪರೀಕ್ಷೆಗೆ ಕಾಯ್ದಿಟ್ಟ ಹಲ್ಲು

ಊರಿನಲ್ಲಿ ಹಲ್ಲಿನ ತಜ್ಞೆಯಾಗಿದ್ದ ಸುಜಯಾ ಪರದೇಶದ ಕ್ಲಿನಿಕ್ಕಿನಲ್ಲಿ ಉಪಕರಣ ತೊಳೆಯುತ್ತಿದ್ದಳು. ಸಂಬಳ ಅಲ್ಲಿನ ಡಾಕ್ಟರರ ಕಾಲುಭಾಗವೂ ಇಲ್ಲ. ಅಲ್ಲಿ ಡಾಕ್ಟರಾಗಲು ಬೇಕಾದ ಲೈಸೆನ್ಸ್ ಪರೀಕ್ಷೆಗೆ ಇದೇ ಕೊನೆಯ ಅವಕಾಶ. ಪರೀಕ್ಷೆಗೆ ರೋಗಿಯನ್ನು ತಾನೇ ಕರೆತರಬೇಕು. ಹಲ್ಲು ಹುಳುಕಾಗಿರಬೇಕು, ಆದರೆ ಒಳಗಿನ ನರ ಸತ್ತಿರಬಾರದು. ತಣ್ಣೀರು ತಾಗಿದರೆ ಜುಮ್ಮೆನ್ನಬೇಕು. ಅಂಥ ಹಲ್ಲೊಂದು ಗಂಡನ ಬಾಯಲ್ಲೇ ಸಿಕ್ಕಿತ್ತು. ಅದನ್ನು ತುಂಬಿಸದೆ ಐದು ತಿಂಗಳು ಕಾಯ್ದಿಟ್ಟಿದ್ದರು.

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಅವಳು ಅವನ ಕೆನ್ನೆ ಮುಟ್ಟಿದಳು. "ರೀ, ತುಂಬಾ ನೋಯ್ತಿದೆಯಾ? ಇನ್ನೊಂದೇ ಗಂಟೆ ತಡ್ಕೊಳ್ಳಿ."

"ಅಂತೂ ಐದು ತಿಂಗಳಾದ ಮೇಲೆ ಕೇಳಿದೆಯಲ್ಲ ಮಾರಾಯ್ತಿ!" ಎಂದು ಅವನು ನಕ್ಕ. "ಹೆದರಬೇಡ ಕಣೇ, ನಿನ್ನ ಅದೃಷ್ಟ ಚೆನ್ನಾಗಿದೆ. ಬೆಳಿಗ್ಗೆಯಿಂದ ಐಸ್ ನೀರು ಕುಡಿದ್ರೂ ಚೂರೂ ಜುಮ್ ಅಂತಿಲ್ಲ."