ಟೈಲರ್ ಕತ್ತರಿಸಿದ ಬಾಳೆಕಂದು

ಕಚಕ್! ಟೈಲರ್‌ನ ದೊಡ್ಡ ಕತ್ತರಿಗೆ ಬಾಳೆಕಂದಿನ ತಲೆ ಹಾರಿತು. ಆ ಸದ್ದಿಗೆ ಏಳು ಬೀದಿಯ ನಾಯಿಗಳು ಬೊಗಳುವುದನ್ನೇ ಮರೆತವು. ಹಿತ್ತಲಿನಲ್ಲಿ ಆಗಷ್ಟೇ ಅದನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ತಂದಿದ್ದ ಹೆಂಡತಿ ನಿಂತಲ್ಲೇ ಕಲ್ಲಾದಳು. ಅದು ತೀರಿಹೋದ ಅವಳ ಅಮ್ಮನ ಅಂಗಳದ ಕೊನೆಯ ಕಂದು. ಆ ಅಂಗಳದ ಮೇಲೀಗ ಟಾರು ರಸ್ತೆ.

“ಎಲೆ ಗೋಡೆ ದಾಟಿ ವಾಲ್ತಿತ್ತು ಕಣೇ, ಒಂಚೂರು ಅಂಚು ಸರಿಮಾಡ್ದೆ ಅಷ್ಟೇ,” ಎಂದ ಟೈಲರ್. ಮೂರು ಲೋಕದಲ್ಲಿ ಅವನಷ್ಟು ನೇರವಾಗಿ ಕತ್ತರಿಸುವವರಿಲ್ಲ. ಮೋಡ ಕೊಟ್ಟರೂ ಅಂಚು ಮಡಚಿ ಹೊಲಿದಾನು. ಸುಮ್ಮನಿರುವುದು ಮಾತ್ರ ಆ ಕೈಗೆ ಬಾರದ ವಿದ್ಯೆ.

“ಅಂಚಾ? ಕುತ್ತಿಗೆ ಕುಯ್ದಿದ್ದೀರಿ ರೀ! ಅಮ್ಮಂದು ಅಂತ ಉಳಿದಿದ್ದು ಇದೊಂದೇ.” ಅವಳ ಕಣ್ಣಿನ ಬೆಂಕಿಗೆ ತಂತಿಯ ಮೇಲಿನ ಒದ್ದೆ ಬಟ್ಟೆಯೆಲ್ಲ ಅರೆಗಳಿಗೆಯಲ್ಲಿ ಒಣಗಿತು. ಬಿಂದಿಗೆಯನ್ನು ದಬಕ್ಕನೆ ಇಳಿಸಿ, ಮೊಂಡು ಕಂದಿನ ಮುಂದೆ ಕೂತಳು. ಅವನು ಸೂಜಿ ನುಂಗಿದವನಂತೆ ನಿಂತ. ಕತ್ತರಿಸಿದ ಜಾಗ ಬಿಳಿ ಬಿಲ್ಲೆಯ ಹಾಗೆ ಚಪ್ಪಟೆಯಾಗಿತ್ತು. ಗೋಡೆಯ ನೆರಳು ತೆವಳಿಕೊಂಡು ಬಂದು ಅವರ ಕಾಲು ಮುಟ್ಟಿತು. ಒಂದು ಯುಗವೇ ಕಳೆಯಿತು ಅನ್ನಿ.

ಆಗ ಅವಳು ಬಗ್ಗಿದಳು. ಬಿಲ್ಲೆಯ ನಟ್ಟನಡುವೆ ಎಳೆಯ ಸುಳಿ ಉಗುರಿನಷ್ಟು ಮೇಲೆದ್ದಿತ್ತು. ಬೆರಳು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. “ಏನ್ರೀ, ಬೆಳೀತಿದೆ ಕಣ್ರೀ ಇದು!” ನೋಡಲೆಂದು ಟೈಲರ್ ಓಡಿಬಂದ. “ದೂರ ನಿಂತ್ಕೊಳ್ಳಿ,” ಎನ್ನುತ್ತ ಅವಳು ಸುಳಿಗೆ ಎರಡೂ ಕೈ ಅಡ್ಡ ಹಿಡಿದಳು. “ಇನ್ನೂ ಹಸುಗೂಸು ಅದು.”