ಒಂದೇ ನಂಬರಿನ ಹನ್ನೆರಡು ಮಾಡ್ಯೂಲ್

ಆಸ್ಪತ್ರೆಗೆ ಬಂದಿದ್ದ ಪತ್ರವನ್ನು ಸುಬ್ರಾಯ ಮೂರು ಸಲ ಓದಿದ. ಆಮೇಲೆ ಬೆಳಕಿಗೆ ಹಿಡಿದು ನೋಡಿದ. ಹೆಸರಿಲ್ಲ, ಸಹಿಯಿಲ್ಲ. ಮಾಡ್ಯೂಲ್‌ಗಳ ಒಳಗಿನ ನಂಬರನ್ನು ಒಮ್ಮೆ ಪರೀಕ್ಷಿಸಿ ಎಂದು ಅಚ್ಚು ಮಾಡಿದ ಎರಡು ಸಾಲು, ಅಷ್ಟೇ.

"ಹೊರಗಿನವರಿಂದ ಇದು ಸಾಧ್ಯವಿಲ್ಲ. ನಿಮ್ಮವರೇ ಯಾರೋ," ಎಂದಳು ನಿರ್ಮಲ. ತಿರುವನಂತಪುರದ ಆ ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಆಕೆಯ ಕೈಯಲ್ಲಿತ್ತು. ಸುಬ್ರಾಯನದು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಐದೇ ಜನರ ಕಚೇರಿ. ಆಸ್ಪತ್ರೆಯ ನೆಟ್‌ವರ್ಕ್ ಕಟ್ಟಿಕೊಟ್ಟವನು ಅವನು.

"ನಮ್ಮವರೇ," ಸುಬ್ರಾಯ ಒಪ್ಪಿದ.

ಪಕ್ಕದಲ್ಲಿ ಅವನ ಹಿರಿಯ ಎಂಜಿನಿಯರ್ ಗ್ರೇಸಿ ಕೂತಿದ್ದಳು. ನೆಟ್‌ವರ್ಕ್ ಸ್ವಿಚ್ಚುಗಳಿಂದ ಕಿತ್ತು ತಂದ ಹನ್ನೆರಡು ಮಾಡ್ಯೂಲ್‌ಗಳು ಮೇಜಿನ ಮೇಲಿದ್ದವು. ಬೆರಳುದ್ದದ ಲೋಹದ ತುಂಡುಗಳು. ಫೈಬರ್ ಕೇಬಲ್ಲಿನಲ್ಲಿ ಬರುವ ಬೆಳಕನ್ನು ಸ್ವಿಚ್ಚಿಗೆ ಅರ್ಥವಾಗುವಂತೆ ಮಾಡುವುದು ಇವುಗಳ ಕೆಲಸ. ಸ್ವಿಚ್ ಒಂದು ಕಂಪನಿಯದು, ಮಾಡ್ಯೂಲ್ ಇನ್ನೊಂದರದು ಆದರೂ ನಡೆಯುತ್ತದೆ. ಗಿರಾಕಿಗೆ ಹೇಳಿ, ಹೊಂದುತ್ತದೆಯೇ ಎಂದು ನೋಡಿ ಹಾಕಬೇಕು. ಇಲ್ಲಿ ಯಾರೂ ಹೇಳಿರಲಿಲ್ಲ. ಮೇಲೆ ಸ್ವಿಚ್ ಕಂಪನಿಯ ಹೆಸರಿನ ಚೀಟಿ, ಹನ್ನೆರಡಕ್ಕೂ ಬೇರೆ ಬೇರೆ ನಂಬರು. ಒಳಗಿನ ಚಿಪ್‌ನಲ್ಲಿ ಹನ್ನೆರಡಕ್ಕೂ ಒಂದೇ ನಂಬರು.

ಕಳೆದ ತಿಂಗಳು ಆಸ್ಪತ್ರೆಯವರು ಸ್ವಿಚ್ಚುಗಳ ಸಾಫ್ಟ್‌ವೇರ್ ಬದಲಿಸಿದ್ದರು. ಹೊಸ ಸಾಫ್ಟ್‌ವೇರ್ ಆ ನಂಬರನ್ನು ಓದಿತು, ಹನ್ನೆರಡನ್ನೂ ನಿರಾಕರಿಸಿತು. ಅದೇ ಹೊತ್ತಿಗೆ ಅಪಘಾತದಲ್ಲಿ ಗಾಯಗೊಂಡ ಹೆಂಗಸೊಬ್ಬಳನ್ನು ಕರೆತಂದಿದ್ದರು. ಅವಳ ಸ್ಕ್ಯಾನಿನ ಚಿತ್ರ ಆಪರೇಷನ್ ಥಿಯೇಟರಿಗೆ ತಲುಪಲಿಲ್ಲ. ನಲವತ್ತು ನಿಮಿಷ. ಕೊನೆಗೆ ಗ್ರೇಸಿ ಕೊಚ್ಚಿಯಲ್ಲೇ ಕೂತು, ಏನೇ ಇದ್ದರೂ ಒಪ್ಪಿಕೋ ಎಂದು ಸ್ವಿಚ್ಚುಗಳಿಗೆ ಆಜ್ಞೆ ಕೊಟ್ಟ ಮೇಲೆ ಸಂಪರ್ಕ ಬಂತು. ಹೆಂಗಸು ಬದುಕಿದಳು.

"ಸಾಫ್ಟ್‌ವೇರ್ ದೋಷ ಅಂತ ಬರೆದುಕೊಟ್ಟಿರಿ, ನಂಬಿದೆವು," ನಿರ್ಮಲಳ ಮಲಯಾಳ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. "ಅಸಲಿ ಮಾಲು ಬರೋಕೆ ಹತ್ತು ವಾರ ಬೇಕು ಅಂತ ಎಲ್ಲರೂ ಕೈಚೆಲ್ಲಿದಾಗ ನೀವು ನಾಲ್ಕೇ ದಿನಕ್ಕೆ ತಂದುಕೊಟ್ಟಿರಿ. ನಿಮ್ಮನ್ನು ಎಷ್ಟು ಹೊಗಳಿದ್ದೆವು! ಈಗ ಹೇಳಿ, ಯಾರು?"

"ನನ್ನ ಜೊತೆ ಉಂಡವರೇ ಮೋಸ ಮಾಡಿದ್ದಾರೆ ಮೇಡಂ. ಸಂಜೆಯೊಳಗೆ ಹೆಸರು ಹೇಳುತ್ತೇನೆ."

ಗ್ರೇಸಿ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ನೆಲ ನೋಡಿದಳು.

ಕೊಚ್ಚಿಗೆ ವಾಪಸು ಬರುವಾಗ ಕಾರು ಓಡಿಸುತ್ತಿದ್ದವನು ಸುಬ್ರಾಯ. ಅವನೂ ಗ್ರೇಸಿಯೂ ಕುಂಬಳೆ ಕಡೆಯವರು. ಕಚೇರಿಯಲ್ಲಿ ಮಲಯಾಳ, ಇಬ್ಬರೇ ಇದ್ದಾಗ ಕನ್ನಡ. ಹನ್ನೊಂದು ವರ್ಷದ ಹಿಂದೆ ಡಿಪ್ಲೊಮಾ ಹಿಡಿದು ಬಂದವಳಿಗೆ ಫೈಬರಿನ ತುದಿ ಒರೆಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನು ಅವನು.

"ವಿನಯ್," ಕೊಲ್ಲಂ ದಾಟಿದ ಮೇಲೆ ಅವನು ಹೇಳಿದ. "ಸ್ಟೋರಿನ ಕೀಲಿಕೈ ಇರುವುದು ಅವನ ಹತ್ತಿರ. ಆ ಮಾಡ್ಯೂಲ್ ಬಂದ ಪೆಟ್ಟಿಗೆ ಕಂಡವ ಅವ ಒಬ್ಬನೇ."

"ವಿನಯ್ ಅಲ್ಲ ಸುಬ್ರಾಯಣ್ಣ."

"ನಿಂಗೆ ಎಂತ ಗೊತ್ತು ಮಾರಾಯ್ತಿ? ಅವನ ಹೆಸರೇ ಕೊಡ್ತೇನೆ. ಇವತ್ತೇ ಮನೆಗೆ ಕಳಿಸ್ತೇನೆ."

"ಅವನ ಹೆಂಡತಿಗೆ ಈಗ ಎಂಟು ತಿಂಗಳು."

"ಅದನ್ನು ಅವ ಮೊದಲೇ ಯೋಚಿಸ್ಬೇಕಿತ್ತು."

ಹರಿಪ್ಪಾಡಿನ ಹತ್ತಿರ ಚಾಯದ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದ. ಎರಡು ಚಾಯ ಬಂತು. ಸುಬ್ರಾಯ ಲೋಟ ಮುಟ್ಟಲಿಲ್ಲ. ಫೋನ್ ತೆಗೆದು ವಿನಯ್‌ನ ನಂಬರು ಹುಡುಕಿದ. ಗ್ರೇಸಿ ಅವನ ಫೋನಿನ ಮೇಲೆ ಅಂಗೈ ಇಟ್ಟಳು.

"ಅವನಿಗೆ ಫೋನ್ ಮಾಡ್ಬೇಡಿ. ನಾನೇ ಮಾಡಿದ್ದು."

ಸುಬ್ರಾಯನಿಗೆ ಮೊದಲು ನಗು ಬಂತು. ಅವಳ ಮುಖ ನೋಡಿದ ಮೇಲೆ ನಗು ನಿಂತಿತು. ಕಚೇರಿಯ ಉಳಿದ ಮೂವರನ್ನೂ ಅವನು ಬೆಳಗಿನಿಂದ ಒಬ್ಬೊಬ್ಬರಾಗಿ ಅನುಮಾನಿಸಿದ್ದ. ಇವಳನ್ನೊಬ್ಬಳನ್ನು ಬಿಟ್ಟು.

"ನೀನಾ?"

"ಹೌದು."

"ನಿನ್ನ ಅಪ್ಪನಿಗೆ ಹಾಸಿಗೆಯಿಂದ ಏಳ್ಲಿಕ್ಕೆ ಆಗ್ಲಿಲ್ಲ ಅಂತ ಇಗರ್ಜಿಯಲ್ಲಿ ನಿನ್ನ ಕೈ ಹಿಡಿದು ಮದುಮಗನ ಹತ್ತಿರ ಕರ್ಕೊಂಡು ಹೋದವ ನಾನು. ನಿಮ್ಮ ಮನೆಯವರು ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದ್ರು." ಅವನ ಧ್ವನಿ ಒಡೆಯಿತು. "ನನ್ನ ಹತ್ತಿರ ಒಂದು ಮಾತು ಹೇಳ್ಬಾರದಿತ್ತಾ ಗ್ರೇಸಿ? ಬೆನ್ನ ಹಿಂದೆ ಇಂಥ ಕೆಲಸ ಮಾಡುವುದಾ?"

ಚಾಯದವನು ತಿರುಗಿ ನೋಡಿದ. ಐವತ್ತೈದು ದಾಟಿದ ಗಂಡಸು ರಸ್ತೆ ಬದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಆ ಹೆಂಗಸು ನಲ್ವತ್ತು ನಿಮಿಷ ಮೇಜಿನ ಮೇಲೆ ಹಾಗೇ ಮಲಗಿದ್ಲು," ಗ್ರೇಸಿಯ ಕಣ್ಣೂ ತುಂಬಿತ್ತು. "ಅವತ್ತು ಸ್ಕ್ರೀನಿನಲ್ಲಿ ಹನ್ನೆರಡು ಸಲ ಒಂದೇ ನಂಬರು ನೋಡಿದೆ. ಆಮೇಲೆ ಸುಮ್ಮನಿರ್ಲಿಕ್ಕೆ ಆಗ್ಲಿಲ್ಲ."

"ಮಗಳ ಹಾಗೆ ನೋಡಿದೆನಲ್ಲ ನಿನ್ನ!"

"ಗೊತ್ತುಂಟು."

"ಈಗ ಸಂಜೆ ಆ ಮೇಡಂಗೆ ಯಾರ ಹೆಸರು ಹೇಳ್ಲಿ ನಾನು?"

ಗ್ರೇಸಿ ಕೆನೆಗಟ್ಟಿದ ಚಾಯವನ್ನು ದೂರ ಸರಿಸಿದಳು. ಮೊದಲ ಸಲ ಅವನ ಕಣ್ಣನ್ನೇ ನೋಡಿ ಮಾತಾಡಿದಳು.

"ಪತ್ರ ಬರೆದದ್ದು ನಾನು. ಆದರೆ ಮಾಡ್ಯೂಲ್ ಬದಲಿಸಿ ಚೀಟಿ ಅಂಟಿಸಿದ್ದು ನೀವು ಅಂತ ಅದರಲ್ಲಿ ಬರೀಲಿಲ್ಲ ಸುಬ್ರಾಯಣ್ಣ. ಅದನ್ನು ನೀವೇ ಹೇಳ್ತೀರಿ ಅಂತ ಬೆಳಿಗ್ಗೆಯಿಂದ ಕಾದೆ."