ಹಸಿರು ಗುಂಡಿಯ ಪರೀಕ್ಷೆ

ಆಗಷ್ಟೇ ಬೇಸಿಗೆ ಕಾಲಿಟ್ಟಿತ್ತು, ಬೆಳಗಿನ ಹತ್ತು ಗಂಟೆ. ಟಪಾಲಿನ ಅಕ್ಕ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರೆ, ಹೆಡ್ ಗುಮಾಸ್ತರು ಅವಳ ಕುರ್ಚಿಯನ್ನೇ ನೋಡುತ್ತ ನಿಂತಿದ್ದರು. ಎಲ್ಲರ ಬರವಣಿಗೆಯನ್ನೂ ತಿದ್ದುತ್ತಿದ್ದುದರಿಂದ ಆಫೀಸಿನಲ್ಲಿ ಅವರಿಗೆ ಮೇಷ್ಟ್ರು ಅಂತಲೇ ಹೆಸರು.

"ಏನ್ ಮೇಷ್ಟ್ರೇ, ಕುರ್ಚಿ ಅಳತೆ ತಗೊಳ್ತಾ ಇದೀರಾ? ನಾನಿನ್ನೂ ಬದುಕಿದೀನಿ."

"ಹಾಗಲ್ಲ ಅಕ್ಕ. ನಿಮ್ಮ ಕೈಯಿಂದ ಕಾಗದ ಎಲ್ಲೆಲ್ಲಿಗೆ ಹೋಗುತ್ತೆ ಹೇಳಿ."

"ಎಲ್ಲಾ ಮೇಜಿಗೂ ಹೋಗುತ್ತೆ. ಯಜಮಾನರ ಡ್ರಾಯರಿಗೆ ಹೋದ ಮೇಲೆ ಎಲ್ಲಿಗೂ ಹೋಗಲ್ಲ."

ಅದು ಲಿಫ್ಟ್ ರಿಪೇರಿ ಕಂಪನಿ. ಊರಿನ ಲಿಫ್ಟುಗಳನ್ನೆಲ್ಲ ಓಡಿಸುವವರು ತಮ್ಮ ಆಫೀಸಿಗೆ ಮಾತ್ರ ಮೆಟ್ಟಿಲು ಹತ್ತಿಯೇ ಬರಬೇಕಿತ್ತು. ಸ್ವಂತ ಲಿಫ್ಟಿನ ಹಗ್ಗಕ್ಕೆ ಹಾಕಿದ ಅರ್ಜಿ ಡ್ರಾಯರಿನಲ್ಲೇ ಮಲಗಿತ್ತು. ಯಜಮಾನರು ಕೆಟ್ಟವರೇನಲ್ಲ, ಆದರೆ ಸಹಿ ಅಂದರೆ ಅವರ ಕೈ ಏಳುತ್ತಿರಲಿಲ್ಲ. "ನೋಡೋಣ" ಅನ್ನುವರು, ಡ್ರಾಯರು ಮುಚ್ಚುವರು.

ಕೊನೆಗೆ ದೊಡ್ಡ ಆಫೀಸಿನಿಂದ ಕಟ್ಟಪ್ಪಣೆ ಬಂತು. ಇನ್ನು ಮುಂದೆ ಅರ್ಜಿಗಳನ್ನು ಮೇಜಿಂದ ಮೇಜಿಗೆ ಕಂಪ್ಯೂಟರೇ ಸಾಗಿಸಬೇಕು. ಅಂಥ ಮೂರು ಸಾಫ್ಟ್‌ವೇರ್ ತರಿಸಿ, ಹೋಲಿಸಿ, ಒಂದನ್ನು ಆರಿಸಬೇಕು. ಆಮೇಲೆ ಒಬ್ಬರನ್ನು ಕಡಿಮೆ ಮಾಡಬೇಕು. ಹೋಲಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು.

ಕಾಗದ ಹೊರುವವಳು ಅಕ್ಕ ಒಬ್ಬಳೇ. ಯಾರು ಕಡಿಮೆಯಾಗಬೇಕೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಮಗಳ ನರ್ಸಿಂಗ್ ಓದಿಗೆ ಇನ್ನೊಂದು ವರ್ಷ ಬಾಕಿ. ಅಲ್ಲಿಯತನಕ ಈ ಕುರ್ಚಿ ಉಳಿಯಬೇಕು. ಅವಳಿಗೆ ಬೇರೆ ಆಸೆ ಇರಲಿಲ್ಲ. ಅಂದಿನಿಂದ ಅವಳು ಮೇಷ್ಟ್ರ ಮೇಲೆ ಒಂದು ಕಣ್ಣಿಟ್ಟಳು. ಸೋಮವಾರ ಬಂದರೆ ಅವರ ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ರಜೆಯಲ್ಲೂ ಯಂತ್ರ ಬಿಚ್ಚುವ ಮನುಷ್ಯ, ಇವನಿಗೆ ಮನುಷ್ಯರ ಕಷ್ಟ ಎಲ್ಲಿ ತಿಳಿಯಬೇಕು ಅಂದುಕೊಂಡಳು.

ಪರೀಕ್ಷೆಗೆ ಒಂದು ನಮೂನೆ ಅರ್ಜಿ ಬೇಕಾಯಿತು.

"ಕೆಲಸ ಬಿಡುವ ಅರ್ಜಿ ಹಾಕೋಣ. ಅದಾದ್ರೆ ಎಲ್ಲಾ ಮೇಜನ್ನೂ ದಾಟಬೇಕು," ಅಂದರು ಮೇಷ್ಟ್ರು.

"ನನ್ನ ಹೆಸರು ಮಾತ್ರ ಬೇಡಪ್ಪ," ಅಂದ ಸ್ಟೋರಿನವನು. "ಮನೇಲಿ ಗೊತ್ತಾದ್ರೆ ಊಟ ಹಾಕಲ್ಲ."

ಎಲ್ಲರೂ ಅಕ್ಕನ ಕಡೆ ನೋಡಿದರು.

"ನನ್ನದಂತೂ ಬೇಡ. ಆಮೇಲೆ ಯಂತ್ರಕ್ಕೆ ರುಚಿ ಹತ್ತಿಬಿಟ್ಟೀತು."

"ಹೋಗಲಿ, ನನ್ನ ಹೆಸರೇ ಇರಲಿ," ಅಂದರು ಮೇಷ್ಟ್ರು. ಅವರ ಮುಖದಲ್ಲಿ ನಗು ಇರಲಿಲ್ಲ, ಬೇಸರವೂ ಇರಲಿಲ್ಲ.

ಮೊದಲನೆಯ ಸಾಫ್ಟ್‌ವೇರ್ ನೋಡಲು ಬಲು ಚೆಂದ. ಅರ್ಜಿ ಯಜಮಾನರ ತನಕ ಹೋಗಿ ಅಲ್ಲೇ ಕೂತಿತು. "ಇನ್ನೊಂದು ಡ್ರಾಯರು," ಅಂದಳು ಅಕ್ಕ.

ಎರಡನೆಯದು ಅರ್ಜಿಯನ್ನು ಸಲೀಸಾಗಿ ದಾಟಿಸಿತು. ಮೇಲಾಗಿ, ಒಪ್ಪಿಗೆ ಕೊಟ್ಟ ಮೇಲೂ ಹಿಂದಕ್ಕೆ ತರಿಸಬಹುದಿತ್ತು. ಯಜಮಾನರಿಗೆ ಅದು ಬಹಳ ಹಿಡಿಸಿತು. ಮೇಷ್ಟ್ರು ಅದಕ್ಕೇ ಕಡಿಮೆ ಅಂಕ ಕೊಟ್ಟರು.

ಮೂರನೆಯದನ್ನು ತೋರಿಸಲು ಬಂದ ಹುಡುಗಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಒಮ್ಮೆ ಮುಗಿದದ್ದನ್ನ ವಾಪಸ್ ತರೋಕಾಗುತ್ತಾ?"

"ಆಗಲ್ಲ ಸರ್. ಯಜಮಾನರು ಮೊಬೈಲಲ್ಲಿ ಹಸಿರು ಗುಂಡಿ ಒತ್ತಿದ್ರೆ ಸೀದಾ ದೊಡ್ಡ ಆಫೀಸಿಗೆ. ಅಲ್ಲಿಗೆ ಮುಗೀತು."

ಮೇಷ್ಟ್ರು ನಕ್ಕರು. ಅವರು ನಕ್ಕಿದ್ದನ್ನು ಅಕ್ಕ ಕಂಡದ್ದೇ ಅಪರೂಪ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಬಲೆಯನ್ನು ಹುಡುಕಿ ಆರಿಸಿದ್ದಾನೆ ಅಂದುಕೊಂಡಳು.

ಬುಧವಾರ ಅದನ್ನು ಆಫೀಸಿನ ಕಂಪ್ಯೂಟರುಗಳಿಗೆಲ್ಲ ಜೋಡಿಸಿದರು. ಗುರುವಾರ ಮೇಷ್ಟ್ರು, "ಅದೇ ಅರ್ಜಿ ಇನ್ನೊಂದ್ಸಲ ಓಡಿಸೋಣ," ಅಂದರು. ಸ್ಟೋರಿನವನು ನಗುತ್ತ ಒತ್ತಿದ. ಲೆಕ್ಕದವರು ಆಕಳಿಸುತ್ತ ಒತ್ತಿದರು. ಯಜಮಾನರ ಬೆರಳು ಮಾತ್ರ ಗುಂಡಿಯ ಮೇಲೆ ನಿಂತಿತು.

"ಪರೀಕ್ಷೆ ತಾನೇ ಮೇಷ್ಟ್ರೇ?"

"ಯಂತ್ರ ಕೆಲಸ ಮಾಡುತ್ತಾ ಅಂತ ನೋಡಬೇಕಲ್ಲ ಸರ್."

ಯಜಮಾನರು ಒತ್ತಿಯೇಬಿಟ್ಟರು. ಅವರಿಂದ ಒಂದು ಅರ್ಜಿ ಅಷ್ಟು ಬೇಗ ದಾಟಿದ್ದನ್ನು ಆ ಆಫೀಸು ಕಂಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕನೊಬ್ಬಳನ್ನು ಬಿಟ್ಟು.

"ಸರಿ, ಕಡಿಮೆ ಮಾಡಬೇಕಾದೋರ ಹೆಸರು?" ಅಂದರು ಯಜಮಾನರು.

"ಸೋಮವಾರದ ಹೊತ್ತಿಗೆ ಯಂತ್ರವೇ ಹೇಳುತ್ತೆ ಸರ್."

ಶುಕ್ರವಾರ ಸಂಜೆ ಮೇಷ್ಟ್ರು ತಮ್ಮ ಲೋಟ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡರು. ಸ್ಟೋರಿನ ಟಾರ್ಚನ್ನು ಸ್ಟೋರಿಗೇ ಕೊಟ್ಟರು. ಅಕ್ಕನ ಮೇಜಿನ ಹತ್ತಿರ ಒಂದು ಗಳಿಗೆ ನಿಂತರು.

"ಮಗಳ ಓದು ಯಾವಾಗ ಮುಗಿಯುತ್ತೆ?"

"ಬರೋ ಬೇಸಿಗೆಗೆ."

"ಮುಗೀಲಿ. ಅರ್ಧಕ್ಕೆ ನಿಲ್ಲಬಾರದು."

ಕತ್ತು ಕುಯ್ಯುವ ಮೊದಲು ತಲೆ ಸವರುವ ಮಾತು ಅನ್ನಿಸಿತು ಅವಳಿಗೆ. ಮುಖ ತಿರುಗಿಸಿದಳು.

ಸೋಮವಾರ ಅವಳು ತನ್ನ ಸಾಮಾನು ತುಂಬಿಕೊಳ್ಳಲು ದೊಡ್ಡ ಚೀಲವನ್ನೇ ತಂದಿದ್ದಳು. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಮೊಬೈಲನ್ನು ಬಿಸಿ ಪಾತ್ರೆಯಂತೆ ಬೆರಳ ತುದಿಯಲ್ಲಿ ಹಿಡಿದಿದ್ದರು.

"ಅಕ್ಕ, ಇನ್ನು ಮೇಲೆ ನನ್ನ ಹತ್ತಿರ ಬರೋದೆಲ್ಲಾ ಕಾಗದದಲ್ಲೇ ತನ್ನಿ. ಆ ಹಸಿರು ಗುಂಡಿ ನಾನು ಮುಟ್ಟಲ್ಲ."

"ನಾನು ಹೋಗಬೇಕಲ್ವಾ ಸರ್? ಒಬ್ಬರು ಕಡಿಮೆ ಆಗಬೇಕು ಅಂತ..."

"ಆಗಿಹೋಯ್ತು. ಗುರುವಾರದ ಆ ಅರ್ಜಿ ನಿಜವಾಗಿಯೇ ದೊಡ್ಡ ಆಫೀಸು ಸೇರಿಬಿಟ್ಟಿದೆ." ಯಜಮಾನರು ಮೇಷ್ಟ್ರ ಖಾಲಿ ಮೇಜಿನ ಕಡೆ ನೋಡಿದರು. "ಅಣ್ಣನ ಸೈಕಲ್ ಅಂಗಡಿಗೆ ಕೈ ಸಾಲದು, ಬಿಟ್ಟುಕೊಡಿ ಸರ್ ಅಂತ ವರ್ಷಾನುಗಟ್ಟಲೆ ಕೇಳ್ತಾನೇ ಇದ್ರು. ನಾನು ನೋಡೋಣ ಅಂತಿದ್ದೆ."

ಹೀಗೆ ಆ ಯಂತ್ರದಿಂದ ಹೋದವರು ಒಬ್ಬರೇ, ಅದನ್ನು ಆರಿಸಿದ ಮೇಷ್ಟ್ರು. ಶುಕ್ರವಾರ ಸಂಜೆ, ಯಜಮಾನರ ಒಪ್ಪಿಗೆ ಪಡೆದು.